ಅಮ್ಮನ ಮೂತ್ರದ ಕಲ್ಚರ್‌ನಲ್ಲಿ ‘ಇಎಸ್‌ಬಿಎಲ್’ ಬಂದಿದೆ, ಮುಂದೇನು?

ಪ್ರಶ್ನೆ: ಡಾಕ್ಟ್ರಿಗೆ ನಮಸ್ಕಾರ. ನಾವು ಕಾಪುವಿನವರು. ಅಮ್ಮನಿಗೆ 66 ವರ್ಷ, ಶುಗರ್ ಇದೆ. ಕಳೆದ ತಿಂಗಳು ಉರಿಮೂತ್ರ ಶುರುವಾದಾಗ ಹಿಂದಿನ ವರ್ಷದ ಚೀಟಿ ತೋರಿಸಿ ಮೆಡಿಕಲ್‌ನಿಂದ ಸೆಫಿಕ್ಸಿಮ್ ಮಾತ್ರೆ ತಂದು ಮೂರು ದಿನ ಕೊಟ್ಟೆವು. ಕಡಿಮೆಯಾಗಲಿಲ್ಲ. ನಡುಕ ಬಂದು ಜ್ವರ ಏರಿತು, ಸೊಂಟದ ಮೇಲ್ಭಾಗದಲ್ಲಿ ಬಲಬದಿಗೆ ನೋವು. ಮಂಗಳೂರಿನ ಆಸ್ಪತ್ರೆಗೆ ಸೇರಿಸಿದೆವು. ಮೂರು ದಿನ ಬಿಟ್ಟು ಬಂದ ಕಲ್ಚರ್ ವರದಿಯಲ್ಲಿ ಇ. ಕೋಲಿ, ಒಂದು ಲಕ್ಷಕ್ಕಿಂತ ಹೆಚ್ಚು, ಇಎಸ್‌ಬಿಎಲ್ ಪಾಸಿಟಿವ್ ಎಂದಿತ್ತು. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಸಿಪ್ರೊಫ್ಲಾಕ್ಸಾಸಿನ್ ಎದುರು ‘ಆರ್’. ಮೆರೊಪೆನೆಮ್, ಅಮಿಕಾಸಿನ್, ನೈಟ್ರೊಫ್ಯುರಾಂಟೊಯಿನ್, ಫಾಸ್ಫೊಮೈಸಿನ್ ಎದುರು ‘ಎಸ್’. ಸಿಪ್ರೊ ಪಕ್ಕದಲ್ಲಿ 4 ಎಂಬ ಅಂಕಿ ಇದ್ದೂ ‘ಆರ್’, ನೈಟ್ರೊ ಪಕ್ಕದಲ್ಲಿ 16 ಇದ್ದೂ ‘ಎಸ್’, ಇದು ಹೇಗೆ? ಮಾತ್ರೆಗಳು ‘ಎಸ್’ ಇದ್ದರೂ ಇಂಜೆಕ್ಷನ್ ಯಾಕೆ ಕೊಟ್ಟರು? ಅಮ್ಮನ ದೇಹಕ್ಕೆ ಔಷಧಿ ಒಗ್ಗಿಹೋಗಿದೆಯೇ? ಮನೆಯಲ್ಲಿ ಎರಡು ವರ್ಷದ ಮಗು ಇದೆ, ಅದಕ್ಕೆ ಹರಡುತ್ತದೆಯೇ? ಈಗ ಅಮ್ಮ ಆರಾಮವಾಗಿದ್ದಾರೆ, ಮತ್ತೊಮ್ಮೆ ಕಲ್ಚರ್ ಮಾಡಿಸಬೇಕೆ?

ಉತ್ತರ: ಅಮ್ಮ ಗುಣವಾದದ್ದು ಕೇಳಿ ಸಮಾಧಾನವಾಯಿತು. ನೀವು ಕೇಳಿದ ಒಂದೊಂದು ಪ್ರಶ್ನೆಯೂ ಸರಿಯಾದದ್ದೇ. ಕಲ್ಚರ್ ವರದಿಯನ್ನು ಕೈಗಿತ್ತು ಕಳುಹಿಸುತ್ತೇವೆಯೇ ಹೊರತು ಅದನ್ನು ಓದುವುದು ಹೇಗೆಂದು ಹೇಳುವವರು ಕಡಿಮೆ. ಹಾಗಾಗಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಔಷಧಿಗೆ ಬಗ್ಗದೆ ನಿಂತಿರುವುದು ಅಮ್ಮನ ದೇಹವಲ್ಲ, ಅವರ ಮೂತ್ರದಲ್ಲಿ ಬೆಳೆದ ಆ ಬ್ಯಾಕ್ಟೀರಿಯಾ. ಇದನ್ನು ಮೊದಲು ಮನಸ್ಸಿಗೆ ತಂದುಕೊಂಡರೆ ಉಳಿದದ್ದೆಲ್ಲ ಸುಲಭ. ವರದಿಯಲ್ಲಿ ಒಂದು ಔಷಧಿಯ ಎದುರು ‘ಆರ್’ ಎಂದರೆ ಆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುವುದಿಲ್ಲ, ‘ಎಸ್’ ಎಂದರೆ ಬಗ್ಗುತ್ತದೆ. ಜೀವಮಾನದಲ್ಲಿ ಆ್ಯಂಟಿಬಯೋಟಿಕ್ ಮುಟ್ಟದವರಿಗೂ ಇಂಥ ಇ. ಕೋಲಿ ತಗಲಬಹುದು. ಹಾಗೆಯೇ, ಅಮ್ಮನಿಗೆ ನಾಳೆ ಬೇರೊಂದು ಬ್ಯಾಕ್ಟೀರಿಯಾದಿಂದ ಸೋಂಕಾದರೆ ಅದು ಮಾಮೂಲಿ ಮಾತ್ರೆಗೇ ಬಗ್ಗಬಹುದು. ‘ಇನ್ನು ಅಮ್ಮನಿಗೆ ಯಾವ ಮಾತ್ರೆಯೂ ತಾಗುವುದಿಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇ. ಕೋಲಿ ಎಲ್ಲರ ಕರುಳಿನಲ್ಲಿಯೂ ಇರುವ ಜೀವಿ. ಅಲ್ಲಿದ್ದರೆ ತೊಂದರೆಯಿಲ್ಲ, ಮೂತ್ರಕೋಶಕ್ಕೆ ಹತ್ತಿದಾಗ ಉರಿಮೂತ್ರ. ಶುಗರ್ ಇರುವವರಲ್ಲಿ, ವಯಸ್ಸಾದ ಹೆಂಗಸರಲ್ಲಿ ಇದು ಹೆಚ್ಚು. ಇಎಸ್‌ಬಿಎಲ್ ಎಂದರೆ ಕೆಲವು ಬ್ಯಾಕ್ಟೀರಿಯಾಗಳು ತಯಾರಿಸುವ ಒಂದು ಬಗೆಯ ಕಿಣ್ವ. ಪೆನಿಸಿಲಿನ್ ಮತ್ತು ಸೆಫಲೊಸ್ಪೊರಿನ್ ಗುಂಪಿನ ಔಷಧಿಗಳ ಅಣುವಿನಲ್ಲಿ ಬೀಟಾ ಲ್ಯಾಕ್ಟಮ್ ಎಂಬ ಉಂಗುರವಿದೆ. ಈ ಕಿಣ್ವ ಆ ಉಂಗುರವನ್ನೇ ಒಡೆಯುತ್ತದೆ. ಉಂಗುರ ಒಡೆದ ಮೇಲೆ ಸೆಫಿಕ್ಸಿಮ್ ಆಗಲಿ, ಇಂಜೆಕ್ಷನ್ನಾಗಿ ಕೊಡುವ ಸೆಫ್ಟ್ರಿಯಾಕ್ಸೋನ್ ಆಗಲಿ ಬ್ಯಾಕ್ಟೀರಿಯಾದ ಗೋಡೆಯನ್ನು ಏನೂ ಮಾಡಲಾರದು. ಡೋಸ್ ಹೆಚ್ಚಿಸಿಯೂ ಫಲವಿಲ್ಲ. ಮೆರೊಪೆನೆಮ್, ಎರ್ಟಾಪೆನೆಮ್ ಸೇರಿರುವ ಕಾರ್ಬಾಪೆನೆಮ್ ಗುಂಪಿನ ಉಂಗುರವನ್ನು ಮಾತ್ರ ಈ ಕಿಣ್ವಕ್ಕೆ ಒಡೆಯಲಾಗದು. ವರದಿಯಲ್ಲಿ ಮೆರೊಪೆನೆಮ್ ‘ಎಸ್’ ಇದ್ದುದು ಅದಕ್ಕೇ.

ಈ ಕಿಣ್ವವನ್ನು ಮಾಡುವ ಸೂತ್ರ ಬಹುಮಟ್ಟಿಗೆ ಇರುವುದು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಸುರುಳಿಯಲ್ಲಿ. ಶಂಕರಪುರದ ಕಡೆ ಒಂದು ಮನೆಯವರು ಮಲ್ಲಿಗೆಯ ಗೆಲ್ಲು ಕಡಿದು ಪಕ್ಕದ ಮನೆಗೆ ಕೊಡುವ ಹಾಗೆ, ಬ್ಯಾಕ್ಟೀರಿಯಾ ಈ ಸುರುಳಿಯ ಪ್ರತಿಯನ್ನು ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟಿಸುತ್ತದೆ. ಪಡೆದದ್ದು ಬೇರೆ ಜಾತಿಯದಾದರೂ ಸರಿ. ಇ. ಕೋಲಿಯಿಂದ ಕ್ಲೆಬ್ಸಿಯೆಲ್ಲಾಕ್ಕೆ ಹೋಗುತ್ತದೆ, ಅಲ್ಲಿಂದ ಇನ್ನೊಂದಕ್ಕೆ. ಒಂದೇ ಸುರುಳಿಯಲ್ಲಿ ಹಲವು ಔಷಧಿಗಳನ್ನು ಎದುರಿಸುವ ಜೀನ್‌ಗಳು ಒಟ್ಟಿಗೆ ಕೂತಿರುತ್ತವೆ. ಇಎಸ್‌ಬಿಎಲ್ ಇರುವ ತಳಿಗಳಲ್ಲಿ ಸಿಪ್ರೊಫ್ಲಾಕ್ಸಾಸಿನ್ ಕೂಡ ಹೆಚ್ಚಾಗಿ ‘ಆರ್’ ಆಗಿರುತ್ತದೆ. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಕಾಣುವ ಇಎಸ್‌ಬಿಎಲ್ ಕಿಣ್ವಗಳಲ್ಲಿ ಒಂದಾದ ಸಿಟಿಎಕ್ಸ್-ಎಂ-15 ಮೊದಲು ಗುರುತಾದದ್ದು ದೆಹಲಿಯ ರೋಗಿಗಳ ಮಾದರಿಗಳಲ್ಲಿ. ಅದು 2001ರಲ್ಲಿ ಪ್ರಕಟವಾಯಿತು. ಆಮೇಲೆ ಅದು ಆಸ್ಪತ್ರೆಯ ಗೋಡೆಯೊಳಗೆ ಉಳಿಯಲಿಲ್ಲ. ಮನೆಯಲ್ಲೇ ಇದ್ದು, ಹೊರಗೆಲ್ಲೂ ಹೋಗದ ಅಮ್ಮನಿಗೆ ಬಂತಲ್ಲ ಎಂಬ ಆಶ್ಚರ್ಯ ಬೇಡ. ಊಟ, ನೀರು, ಕೈ, ಹಿಂದೆಂದೋ ಆಸ್ಪತ್ರೆಯಲ್ಲಿ ಮಲಗಿದ್ದು, ಯಾವುದರಿಂದಲೂ ಕರುಳಿಗೆ ಸೇರಿ ಸುಮ್ಮನಿದ್ದಿರಬಹುದು.

ವರದಿ ಬರಲು ಮೂರು ದಿನ ಹಿಡಿದದ್ದನ್ನು ಬರೆದಿದ್ದೀರಿ. ಲ್ಯಾಬಿನವರ ಉದಾಸೀನ ಎಂದುಕೊಳ್ಳಬೇಡಿ, ಇದು ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಹೊತ್ತು. ಮೊದಲ ದಿನ ಒಂದು ಮಿಲಿಲೀಟರಿನ ಸಾವಿರದಲ್ಲೊಂದು ಪಾಲು ಮೂತ್ರ ಹಿಡಿಯುವ ಸಣ್ಣ ಬಳೆಯಂಥ ಲೂಪ್‌ನಿಂದ, ಬ್ಯಾಕ್ಟೀರಿಯಾ ಬೆಳೆಯಲು ಬೇಕಾದ ಅಗರ್ ಎಂಬ ಲೋಳೆ ಹಾಕಿದ ತಟ್ಟೆಯ ಮೇಲೆ ಎಳೆದು, 35-37 ಡಿಗ್ರಿ ಶಾಖದಲ್ಲಿ ರಾತ್ರಿಯಿಡೀ ಇಡುತ್ತಾರೆ. ಮರುದಿನ ತಟ್ಟೆಯಲ್ಲಿ ಚುಕ್ಕೆಗಳು ಎದ್ದಿರುತ್ತವೆ. ನೂರು ಚುಕ್ಕೆ ಕಂಡರೆ ಮಿಲಿಲೀಟರಿಗೆ ಒಂದು ಲಕ್ಷ ಎಂದು ಲೆಕ್ಕ. ನಿಮ್ಮ ವರದಿಯ ‘ಒಂದು ಲಕ್ಷಕ್ಕಿಂತ ಹೆಚ್ಚು’ ಬಂದದ್ದು ಹೀಗೆ. ಮೂರ್ನಾಲ್ಕು ಬಗೆಯ ಚುಕ್ಕೆಗಳು ಬೆರೆತು ಎದ್ದರೆ ಅದು ಸೋಂಕಿಗಿಂತ ಹೆಚ್ಚಾಗಿ ಮಾದರಿ ಹಿಡಿಯುವಾಗ ಚರ್ಮದಿಂದ ಸೇರಿದ ಕೊಳೆ. ಒಂದೇ ಬಗೆ ಬೆಳೆದಿದ್ದರೆ ಅದು ಯಾವುದೆಂದು ಗುರುತಿಸಿ, ಔಷಧಿಗಳೆದುರು ಪರೀಕ್ಷೆಗೆ ಇಡುತ್ತಾರೆ. ಡಿಸ್ಕ್ ವಿಧಾನದಲ್ಲಾದರೆ ಮ್ಯುಲರ್-ಹಿಂಟನ್ ಎಂಬ ಅಗರ್ ಮೇಲೆ ಬ್ಯಾಕ್ಟೀರಿಯಾವನ್ನು ಸಮವಾಗಿ ಸವರಿ, ಔಷಧಿ ಹೀರಿಸಿದ ಕಾಗದದ ಬಿಲ್ಲೆಗಳನ್ನು ಇಟ್ಟು, ಮತ್ತೆ 16ರಿಂದ 18 ಗಂಟೆ ಕಾಯಬೇಕು. ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ಬೋಳು ವೃತ್ತದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಇಎಸ್‌ಬಿಎಲ್ ಎಂದು ಖಚಿತಪಡಿಸಲು ಇದೇ ತಟ್ಟೆಯಲ್ಲಿ ಇನ್ನೊಂದು ಉಪಾಯವಿದೆ. ಸೆಫಿಕ್ಸಿಮ್‌ನ ಗುಂಪಿನದ್ದೇ ಆದ ಸೆಫೊಟಾಕ್ಸಿಮ್ ಒಂದೇ ಇರುವ ಬಿಲ್ಲೆ, ಅದರ ಜೊತೆ ಕಿಣ್ವವನ್ನು ಕಟ್ಟಿಹಾಕುವ ಕ್ಲಾವುಲಾನಿಕ್ ಆಮ್ಲವೂ ಸೇರಿದ ಬಿಲ್ಲೆ, ಎರಡನ್ನೂ ಇಡುತ್ತಾರೆ. ಎರಡನೆಯದರ ವೃತ್ತ 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ದೊಡ್ಡದಾದರೆ ಕಿಣ್ವ ಸಿಕ್ಕಿಬಿದ್ದ ಹಾಗೆ. ಯಂತ್ರದಲ್ಲಿ ಮಾಡಿದರೆ ಕೆಲವು ಗಂಟೆ ಉಳಿಯುತ್ತದೆ, ಆದರೆ ಮೊದಲ ರಾತ್ರಿಯ ಬೆಳೆಗೆ ಅಲ್ಲಿಯೂ ಕಾಯಲೇಬೇಕು.

ಇನ್ನು 4 ಮತ್ತು 16ರ ಗೊಂದಲ. ಅದು ಎಂಐಸಿ, ಅಂದರೆ ಆ ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವಂತೆ ಬೆಳೆಯದಂತೆ ತಡೆಯಲು ಒಂದು ಮಿಲಿಲೀಟರಿನಲ್ಲಿ ಕನಿಷ್ಠ ಎಷ್ಟು ಮೈಕ್ರೋಗ್ರಾಂ ಔಷಧಿ ಬೇಕು ಎಂಬ ಅಳತೆ. ಒಂದು ಔಷಧಿಯ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕ ಇಟ್ಟು ನೋಡಬಾರದು. ಒಂದೊಂದು ಔಷಧಿ ರಕ್ತದಲ್ಲಿ, ಮೂತ್ರದಲ್ಲಿ ಎಷ್ಟು ಮಟ್ಟಕ್ಕೆ ಏರಬಲ್ಲದು ಎಂಬುದನ್ನೂ ಗಮನಿಸಿ ಗಡಿ ನಿಗದಿಯಾಗಿರುತ್ತದೆ. ನಮ್ಮ ಹೆಚ್ಚಿನ ಲ್ಯಾಬ್‌ಗಳು ಅನುಸರಿಸುವ ಅಮೆರಿಕದ ಸಿಎಲ್‌ಎಸ್‌ಐ ಎಂಬ ಸಂಸ್ಥೆಯ ಕೋಷ್ಟಕದ ಪ್ರಕಾರ, ಇ. ಕೋಲಿ ಮಟ್ಟಿಗೆ ಸಿಪ್ರೊಫ್ಲಾಕ್ಸಾಸಿನ್ 0.25 ಅಥವಾ ಕಡಿಮೆ ಇದ್ದರೆ ‘ಎಸ್’, 1 ಮುಟ್ಟಿದರೇ ‘ಆರ್’. ಹಾಗಾಗಿ 4 ಎಂದರೆ ಗಡಿ ದಾಟಿ ಬಹಳ ಮುಂದೆ ಹೋಗಿದೆ. ನೈಟ್ರೊಫ್ಯುರಾಂಟೊಯಿನ್ ಮೂತ್ರದಲ್ಲಿ ತುಂಬ ದಟ್ಟವಾಗಿ ಸೇರುವ ಔಷಧಿ, ಅದಕ್ಕೆ 32ರವರೆಗೂ ‘ಎಸ್’. ಅದಕ್ಕೇ 16 ಇದ್ದೂ ಅದು ಕೆಲಸಕ್ಕೆ ಬರುತ್ತದೆ. ವರದಿಯಲ್ಲಿ ಅತಿ ಚಿಕ್ಕ ಅಂಕಿ ಇರುವ ಔಷಧಿಯೇ ಬೇಕೆಂದು ಹಟ ಹಿಡಿಯುವ ಮನೆಯವರನ್ನು ನಾನು ಆಗಾಗ ನೋಡುತ್ತೇನೆ. ಅಂಕಿಯನ್ನು ಡಾಕ್ಟ್ರಿಗೆ ಬಿಡಿ, ನೀವು ಅಕ್ಷರ ನೋಡಿ. ‘ಐ’ ಎಂದಿದ್ದರೆ ಅದು ನಡುವಿನ ಹಂತ, ಅಲ್ಲಿ ಡಾಕ್ಟ್ರ ಹತ್ತಿರ ಮಾತಾಡಬೇಕು.

ಹಾಗಾದರೆ ‘ಎಸ್’ ಇದ್ದ ಮಾತ್ರೆ ಬಿಟ್ಟು ಇಂಜೆಕ್ಷನ್ ಯಾಕೆ? ನೀವು ಬರೆದ ಎರಡು ಲಕ್ಷಣಗಳಲ್ಲೇ ಉತ್ತರವಿದೆ: ನಡುಕದ ಜ್ವರ, ಪಕ್ಕೆಯ ಕೆಳಗಿನ ನೋವು. ಸೋಂಕು ಮೂತ್ರಕೋಶ ಬಿಟ್ಟು ಕಿಡ್ನಿಗೆ ಏರಿದ ಸೂಚನೆ ಅದು. ನೈಟ್ರೊಫ್ಯುರಾಂಟೊಯಿನ್ ಮೂತ್ರಕ್ಕೆ ಇಳಿಯುತ್ತದೆಯೇ ಹೊರತು ಕಿಡ್ನಿಯ ಮಾಂಸಭಾಗದಲ್ಲಿ, ರಕ್ತದಲ್ಲಿ ಸಾಕಷ್ಟು ನಿಲ್ಲುವುದಿಲ್ಲ. ನೀರಿಗೆ ಕಲಸಿ ಕುಡಿಯುವ ಫಾಸ್ಫೊಮೈಸಿನ್ ಪುಡಿಯೂ ಮೂತ್ರಕೋಶದ ಉರಿಗೆ ಒಳ್ಳೆಯದು, ಕಿಡ್ನಿಯ ಸೋಂಕಿಗೆ ನೆಚ್ಚುವಂತಿಲ್ಲ. ಅಮಿಕಾಸಿನ್ ಕೆಲಸ ಮಾಡಿದರೂ ಕಿಡ್ನಿಗೆ ಪೆಟ್ಟು ಕೊಡುವ ಸಾಧ್ಯತೆ ಇದೆ. ಶುಗರ್ ಇರುವ 66ರ ಹೆಂಗಸಿಗೆ ಕೊಡುವ ಮುಂಚೆ ಯಾವ ಡಾಕ್ಟ್ರೂ ಎರಡು ಸಲ ಯೋಚಿಸುತ್ತಾರೆ. ಉಳಿದದ್ದು ಕಾರ್ಬಾಪೆನೆಮ್. ನಿಮ್ಮ ಡಾಕ್ಟ್ರು ಮಾಡಿದ್ದು ಸರಿ. ಅಮ್ಮನಿಗೆ ಬರೀ ಉರಿಮೂತ್ರ ಮಾತ್ರ ಇದ್ದು ಜ್ವರವಿಲ್ಲದಿದ್ದರೆ, ಕಿಡ್ನಿಯ ಕೆಲಸ ಚೆನ್ನಾಗಿದ್ದರೆ, ಇದೇ ವರದಿಯ ಮೇಲೆ ನೈಟ್ರೊಫ್ಯುರಾಂಟೊಯಿನ್ ಮಾತ್ರೆಯೇ ಸಾಕಾಗುತ್ತಿತ್ತು. ಆಗ ಮೆರೊಪೆನೆಮ್ ಕೊಟ್ಟಿದ್ದರೆ ಅದನ್ನು ತಪ್ಪು ಎನ್ನುತ್ತಿದ್ದೆ.

ಈಗ ಆ ಸೆಫಿಕ್ಸಿಮ್ ಮಾತು. ನೀವು ಅಮ್ಮನ ಕಷ್ಟ ನೋಡಲಾಗದೆ ಕೊಟ್ಟಿರಿ, ಬೇಜಾರು ಮಾಡಿಕೊಳ್ಳಬೇಡಿ. ಆದರೆ ಆದದ್ದೇನು ಎಂದು ಗೊತ್ತಿರಬೇಕು. ಕರುಳಿನಲ್ಲಿ ಔಷಧಿಗೆ ಬಗ್ಗುವ ಬ್ಯಾಕ್ಟೀರಿಯಾಗಳೂ ಬಗ್ಗದವೂ ಒಟ್ಟಿಗಿರುತ್ತವೆ. ಮೂರು ದಿನದ ಸೆಫಿಕ್ಸಿಮ್ ಬಗ್ಗುವವನ್ನು ಸಾಯಿಸಿ, ಬಗ್ಗದವಕ್ಕೆ ಜಾಗ ಬಿಡಿಸಿಕೊಡುತ್ತದೆ. ಅಷ್ಟರಲ್ಲಿ ಸೋಂಕು ಮೇಲೇರಲು ಮೂರು ದಿನ ಸಿಕ್ಕಿತು. ಹಳೇ ಚೀಟಿಗೆ ಮಾತ್ರೆ ಕೊಟ್ಟ ಮೆಡಿಕಲ್‌ನವರದ್ದೂ ತಪ್ಪಿದೆ. ಸೆಫಿಕ್ಸಿಮ್, ಮೆರೊಪೆನೆಮ್ ಸೇರಿ 46 ಔಷಧಿಗಳನ್ನು ಕೇಂದ್ರ ಸರಕಾರ ‘ಶೆಡ್ಯೂಲ್ ಎಚ್1’ಕ್ಕೆ ಸೇರಿಸಿತು, 2014ರ ಮಾರ್ಚ್ 1ರಿಂದ ಅದು ಜಾರಿಯಲ್ಲಿದೆ. ಇವನ್ನು ಮಾರುವಾಗ ಬರೆದುಕೊಟ್ಟ ಡಾಕ್ಟ್ರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆ ಕಂಡರೆ ಡಾಕ್ಟ್ರ ಚೀಟಿಯಿಲ್ಲದೆ ತೆಗೆದುಕೊಳ್ಳುವ ಔಷಧಿಯಲ್ಲ ಅದು. ಕಾನೂನು ಇದೆ, ಅಂಗಡಿಯ ಕಟ್ಟೆಯಲ್ಲಿ ಅದು ಕಾಣುವುದಿಲ್ಲ. ಈ ಸಡಿಲು ನನಗೆ ನಿಜಕ್ಕೂ ಸಂಕಟ ಕೊಡುವ ವಿಷಯ.

ಇನ್ನೊಂದು ನಷ್ಟ ಎಷ್ಟೋ ಜನರ ಗಮನಕ್ಕೆ ಬರುವುದೇ ಇಲ್ಲ. ಮಾತ್ರೆ ಶುರುಮಾಡಿದ ಮೇಲೆ ಮೂತ್ರ ಕೊಟ್ಟರೆ ಬ್ಯಾಕ್ಟೀರಿಯಾ ಅರೆಸತ್ತು, ತಟ್ಟೆಯಲ್ಲಿ ಏನೂ ಬೆಳೆಯದೆ ಹೋಗಬಹುದು. ‘ನೋ ಗ್ರೋತ್’ ಎಂದು ವರದಿ ಬರುತ್ತದೆ, ಜ್ವರ ಹಾಗೆಯೇ ಇರುತ್ತದೆ, ಡಾಕ್ಟ್ರು ಅಂದಾಜಿನ ಮೇಲೆ ಔಷಧಿ ಕೊಡಬೇಕಾಗುತ್ತದೆ. ಅಮ್ಮನ ಇ. ಕೋಲಿ ಸೆಫಿಕ್ಸಿಮ್‌ಗೆ ಬಗ್ಗದ್ದಾದ್ದರಿಂದಲೇ ಬೆಳೆದು ಸಿಕ್ಕಿತು. ಮುಂದೆ ಎಂದಾದರೂ ಉರಿಮೂತ್ರ ಬಂದರೆ ಮೊದಲ ಮಾತ್ರೆಗೆ ಮುಂಚೆ ಮಾದರಿ ಕೊಡಿಸಿ. ನೀರಿನಿಂದ ತೊಳೆದುಕೊಂಡು, ಮೊದಲ ಸ್ವಲ್ಪ ಮೂತ್ರ ಬಿಟ್ಟು ನಡುವಿನದನ್ನು ಲ್ಯಾಬ್ ಕೊಟ್ಟ ಮುಚ್ಚಳದ ಡಬ್ಬಿಯಲ್ಲಿ ಹಿಡಿಯಬೇಕು, ಡಬ್ಬಿಯ ಒಳಗೆ ಬೆರಳು ತಾಗಬಾರದು. ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು, ಆಗದಿದ್ದರೆ ಫ್ರಿಜ್ಜಿನಲ್ಲಿಡಿ. ಇ. ಕೋಲಿ ಅನುಕೂಲ ಸಿಕ್ಕರೆ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಕಾಪುವಿನಿಂದ ಮಂಗಳೂರಿಗೆ ಬಿಸಿಲಲ್ಲಿ ಬಸ್ಸಿನಲ್ಲಿ ತಂದ ಡಬ್ಬಿಯೊಳಗೆ ಸಾವಿರ ಇದ್ದದ್ದು ಹತ್ತಾರು ಸಾವಿರವಾಗಿರಬಹುದು. ಕ್ಯಾಥೆಟರ್ ಹಾಕಿದ ರೋಗಿಯಾದರೆ ಚೀಲದಲ್ಲಿ ನಿಂತ ಮೂತ್ರವನ್ನು ಎಂದೂ ಕೊಡಬೇಡಿ.

ನಮ್ಮ ಕರಾವಳಿಯ ಮಟ್ಟಿಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಮನೆಯಲ್ಲಿ ಜ್ವರ. ಅದರಲ್ಲಿ ಬಹುಪಾಲು ವೈರಸ್‌ನದ್ದು, ಡೆಂಗಿಯೂ ವೈರಸ್ಸೇ. ಅದರ ಮೇಲೆ ಅಜಿತ್ರೊಮೈಸಿನ್‌ನಂಥ ಆ್ಯಂಟಿಬಯೋಟಿಕ್ ಏನೂ ಮಾಡದು. ಮಲೇರಿಯಾಕ್ಕೆ ಬೇರೆಯೇ ಔಷಧಿ. ಇಲಿಜ್ವರಕ್ಕೆ ಮಾತ್ರ ಆ್ಯಂಟಿಬಯೋಟಿಕ್ ಬೇಕೇ ಬೇಕು, ಅದೂ ಬೇಗ ಬೇಕು. ಗದ್ದೆ ತೋಟದಲ್ಲಿ ಕೆಲಸ ಮಾಡುವವರಲ್ಲಿ, ಅದರಲ್ಲೂ ಶುಗರ್ ಇರುವವರಲ್ಲಿ, ಮಳೆಗಾಲದಲ್ಲಿ ಮೆಲಿಯಾಯ್ಡೋಸಿಸ್ ಎಂಬ ಸೋಂಕು ಕಾಣಿಸಿಕೊಳ್ಳುತ್ತದೆ. ಮಣಿಪಾಲ, ಮಂಗಳೂರಿನ ಡಾಕ್ಟ್ರುಗಳಿಗೆ ಇದು ಚೆನ್ನಾಗಿ ಗೊತ್ತು. ಮಣ್ಣು, ಕೆಸರುನೀರಲ್ಲಿ ಇರುವ ಇದರ ಬ್ಯಾಕ್ಟೀರಿಯಾ ಹುಟ್ಟಿನಿಂದಲೇ ಜೆಂಟಾಮೈಸಿನ್‌ಗೆ, ಕೊಲಿಸ್ಟಿನ್‌ಗೆ ಬಗ್ಗುವುದಿಲ್ಲ. ಯಾರ ದುರ್ಬಳಕೆಯಿಂದಲೂ ಬಂದ ಗುಣವಲ್ಲ ಅದು. ಕಲ್ಚರ್‌ನಲ್ಲಿ ಇದನ್ನು ಸೂಡೊಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾ ಎಂದು ತಪ್ಪಾಗಿ ಎಣಿಸುವ ಅಪಾಯವೂ ಇದೆ. ಸರಿಯಾಗಿ ಗುರುತಿಸಿದರೆ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಇಂಜೆಕ್ಷನ್, ಆಮೇಲೆ ತಿಂಗಳುಗಟ್ಟಲೆ ಕೋಟ್ರೈಮಾಕ್ಸಜೋಲ್ ಮಾತ್ರೆಯಿಂದ ರೋಗಿ ಉಳಿಯುತ್ತಾರೆ. ವಾರಗಟ್ಟಲೆ ಬಿಡದ ಜ್ವರಕ್ಕೆ ಮೆಡಿಕಲ್‌ನಿಂದ ಒಂದರ ಮೇಲೊಂದು ಮಾತ್ರೆ ನುಂಗುತ್ತ ಕೂರುವವರು ಕಳೆದುಕೊಳ್ಳುವುದು ಇಂಥ ರೋಗ ಬೇಗ ಪತ್ತೆಯಾಗುವ ಅವಕಾಶವನ್ನು.

ಪತ್ರಿಕೆಗಳಲ್ಲಿ ‘ಆಸ್ಪತ್ರೆಯ ಮಾದರಿಗಳಲ್ಲಿ ಇಷ್ಟು ಶೇಕಡಾ ಔಷಧಿ ನಿರೋಧಕ’ ಎಂದು ಓದಿ ಗಾಬರಿಯಾಗುವವರಿದ್ದಾರೆ. ದೊಡ್ಡ ಆಸ್ಪತ್ರೆಯ ಲ್ಯಾಬಿಗೆ ಬರುವ ಮಾದರಿಗಳು ಹೆಚ್ಚಾಗಿ ಬೇರೆಡೆ ಒಂದೆರಡು ಕೋರ್ಸ್ ಮುಗಿಸಿ ಗುಣವಾಗದವರದ್ದು, ಐಸಿಯುನಲ್ಲಿ ಮಲಗಿದವರದ್ದು. ಮೊದಲ ಮಾತ್ರೆಗೇ ಗುಣವಾದವರ ಮೂತ್ರ ಲ್ಯಾಬಿಗೆ ಬರುವುದೇ ಇಲ್ಲ. ಆ ಶೇಕಡಾವನ್ನು ಇಡೀ ಊರಿಗೆ ಅನ್ವಯಿಸಬಾರದು. ಹಾಗೆಂದು ಐಸಿಯು ಪರಿಸ್ಥಿತಿ ಹಗುರವಾದದ್ದಲ್ಲ. ಅಲ್ಲಿನ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗಳಲ್ಲಿ ಮೆರೊಪೆನೆಮ್ ಕೂಡ ‘ಆರ್’ ಎಂದು ಬರುವುದನ್ನು ನಾವು ನೋಡುತ್ತಲೇ ಇದ್ದೇವೆ. ಕಾರ್ಬಾಪೆನೆಮ್‌ನ ಉಂಗುರವನ್ನೂ ಒಡೆಯುವ ಎನ್‌ಡಿಎಂ ಎಂಬ ಕಿಣ್ವ, ಭಾರತದಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ್ದ ರೋಗಿಯೊಬ್ಬರಲ್ಲಿ 2008ರಲ್ಲಿ ಸಿಕ್ಕಿತು. ಅದು ಇದ್ದರೆ ಉಳಿಯುವ ಔಷಧಿಗಳು ಬೆರಳೆಣಿಕೆಯಷ್ಟು. ಅದರಲ್ಲೊಂದು ಕೊಲಿಸ್ಟಿನ್, ಕಿಡ್ನಿಗೆ ಕಷ್ಟ ಕೊಡುವ ಹಳೆಯ ಔಷಧಿ. ಅದನ್ನು ಕೋಳಿಗಳ ಆಹಾರದಲ್ಲಿ ಬೆರೆಸುತ್ತಿದ್ದ ಕಾಲವೂ ಇತ್ತು. 2019ರ ಜುಲೈಯಲ್ಲಿ ಕೇಂದ್ರ ಸರಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡುವುದನ್ನೇ ನಿಷೇಧಿಸಿತು. ಅದೇ 2019ರಲ್ಲಿ ಜಗತ್ತಿನಾದ್ಯಂತ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಆದ ಸಾವುಗಳು 12 ಲಕ್ಷ 70 ಸಾವಿರ ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜು. ಅಮ್ಮನಿಗೆ ಮೆರೊಪೆನೆಮ್ ‘ಎಸ್’ ಇತ್ತು ಎಂಬುದು ಎಷ್ಟು ದೊಡ್ಡ ವಿಷಯ ಎಂದು ಇದರಿಂದ ನಿಮಗೆ ತಿಳಿಯಬಹುದು.

ಮಗುವಿನ ಬಗ್ಗೆ ಹೆದರಬೇಡಿ. ಅಜ್ಜಿಯ ಮಡಿಲಿನಿಂದ ಮೊಮ್ಮಗುವನ್ನು ದೂರ ಇಡುವ ಅಗತ್ಯವಿಲ್ಲ. ಬೇರೆ ತಟ್ಟೆ, ಬೇರೆ ಕೋಣೆ ಯಾವುದೂ ಬೇಡ. ಇ. ಕೋಲಿ ಕೆಮ್ಮಿನಿಂದ ಹರಡುವುದಿಲ್ಲ, ಮಲದಿಂದ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ. ಶೌಚದ ನಂತರ ಮತ್ತು ಅಡುಗೆಗೆ ಕೈ ಹಾಕುವ ಮುಂಚೆ ಸಾಬೂನಿನಲ್ಲಿ ಕೈ ತೊಳೆದರೆ ಸಾಕು. ಮಗುವಿನ ಡಯಾಪರ್ ಬದಲಿಸಿದ ಮೇಲೂ ಹಾಗೆಯೇ. ಒಂದು ವೇಳೆ ಮಗುವಿನ ಕರುಳಿಗೆ ಈ ತಳಿ ಸೇರಿದರೂ ಅದು ಕಾಯಿಲೆಯಲ್ಲ, ಅದಕ್ಕೆ ಪರೀಕ್ಷೆ, ಔಷಧಿ ಯಾವುದೂ ಬೇಕಿಲ್ಲ. ಆಸ್ಪತ್ರೆಯಲ್ಲಿ ಇಂಥ ರೋಗಿಗಳ ಹತ್ತಿರ ಕೈಗವಸು, ಗೌನ್ ಹಾಕುವುದನ್ನು ನೀವು ನೋಡಿರಬಹುದು. ಪಕ್ಕದ ಹಾಸಿಗೆಯಲ್ಲಿ ಆಪರೇಶನ್ ಆದವರು, ಟ್ಯೂಬ್ ಹಾಕಿದವರು ಇರುತ್ತಾರೆ ಎಂಬ ಕಾರಣಕ್ಕೆ ಅಲ್ಲಿ ಆ ಎಚ್ಚರಿಕೆ.

ಕೊನೆಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಅಮ್ಮನಿಗೆ ಉರಿ, ಜ್ವರ, ನೋವು ಇಲ್ಲದಿದ್ದರೆ ಮತ್ತೆ ಕಲ್ಚರ್ ಮಾಡಿಸಬೇಡಿ. ವಯಸ್ಸಾದ ಹೆಂಗಸರ ಮೂತ್ರದಲ್ಲಿ, ಅದೂ ಶುಗರ್ ಇದ್ದರೆ, ಏನೂ ತೊಂದರೆ ಕೊಡದೆ ಬ್ಯಾಕ್ಟೀರಿಯಾ ಇರುವುದು ಬಹಳ ಸಾಮಾನ್ಯ. ಪರೀಕ್ಷೆ ಮಾಡಿಸಿದರೆ ಮತ್ತೆ ‘ಇಎಸ್‌ಬಿಎಲ್’ ಎಂದು ಬರಬಹುದು. ಆಗ ನಿಮಗೆ ಗಾಬರಿ, ಡಾಕ್ಟ್ರ ಮೇಲೆ ಒತ್ತಡ, ಬೇಡದ ಇನ್ನೊಂದು ಕೋರ್ಸ್, ಅದರಿಂದ ಇನ್ನಷ್ಟು ಬಗ್ಗದ ತಳಿ. ಲಕ್ಷಣವಿಲ್ಲದೆಯೂ ಮೂತ್ರದ ಬ್ಯಾಕ್ಟೀರಿಯಾಕ್ಕೆ ಚಿಕಿತ್ಸೆ ಕೊಡಬೇಕಾದವರು ಮುಖ್ಯವಾಗಿ ಗರ್ಭಿಣಿಯರು ಮತ್ತು ಮೂತ್ರನಾಳದ ಕೆಲವು ಆಪರೇಶನ್‌ಗೆ ಹೋಗುವವರು. ಮೂತ್ರ ಸ್ವಲ್ಪ ವಾಸನೆ ಬಂತು, ಬಣ್ಣ ಮಂಕಾಯಿತು ಎಂದು ಪರೀಕ್ಷೆಗೆ ಓಡಬೇಡಿ, ನೀರು ಸಾಕಷ್ಟು ಕುಡಿಯುತ್ತಾರೆಯೇ ನೋಡಿ. ನಡುಕದ ಜ್ವರ, ವಾಂತಿ, ಮಂಪರು, ಮಾತು ತಡವರಿಸುವುದು ಕಂಡರೆ ಮಾತ್ರ ಕಲ್ಚರ್‌ಗೂ ಕಾಯದೆ ಆ ಹೊತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಈಗಿನ ವರದಿಯನ್ನು ಎಸೆಯಬೇಡಿ. ಫೋಟೋ ತೆಗೆದು ಫೋನಿನಲ್ಲಿಟ್ಟುಕೊಳ್ಳಿ, ಮೂಲ ಪ್ರತಿ ಅಮ್ಮನ ಶುಗರ್ ಫೈಲಿನಲ್ಲಿರಲಿ. ಈ ತಳಿ ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿಯುವುದುಂಟು. ಮುಂದೆ ಅಮ್ಮನಿಗೆ ಜೋರು ಜ್ವರ ಬಂದು ಉಡುಪಿಯಲ್ಲಿಯೋ ಮಂಗಳೂರಿನಲ್ಲಿಯೋ ಸೇರಿಸಬೇಕಾದರೆ, ಹೊಸ ವರದಿ ಬರುವ ಮೊದಲಿನ ಆ ಎರಡು ಮೂರು ದಿನ ಯಾವ ಇಂಜೆಕ್ಷನ್ ಎಂದು ತೀರ್ಮಾನಿಸಲು ಡ್ಯೂಟಿ ಡಾಕ್ಟ್ರಿಗೆ ಈ ಹಾಳೆಯಷ್ಟು ಸಹಾಯ ಮಾಡುವುದು ಬೇರೆ ಇಲ್ಲ. ಕೇಳುವವರೆಗೆ ಕಾಯಬೇಡಿ, ನೀವೇ ತೋರಿಸಿ. ಡ್ರಾಯರ್‌ನಲ್ಲಿ ಸೆಫಿಕ್ಸಿಮ್ ಪಟ್ಟಿ ಇನ್ನೂ ಉಳಿದಿದ್ದರೆ ಅದನ್ನು ಮುಂದಿನ ಜ್ವರಕ್ಕೆಂದು ಇಡಬೇಡಿ, ಪಕ್ಕದ ಮನೆಯವರಿಗೂ ಕೊಡಬೇಡಿ, ತೋಡಿಗೆ ಅಥವಾ ಬಾವಿಕಟ್ಟೆಯ ಹತ್ತಿರ ಎಸೆಯಲೂಬೇಡಿ. ಮುಂದಿನ ಸಲ ಅಮ್ಮನ ಚೆಕಪ್‌ಗೆ ಹೋಗುವಾಗ ಆಸ್ಪತ್ರೆಯ ಔಷಧಾಲಯದಲ್ಲಿ ಕೇಳಿ ಅಲ್ಲೇ ಒಪ್ಪಿಸಿ.